ಹೆಜ್ಜೇಡದ ಚಾತುರ್ಮಾಸ್ಯ

ಜೇಡರ ಹುಳುವನ್ನು ನಮ್ಮ ಹಿರಿಯರು ಹಲವು ಕಣ್ಣುಗಳಿಂದ ನೋಡಿರುವರು. ವೇದಾಂತಿಗೆ ಅದು ಊರ್ಣನಾಭ. ತನ್ನೊಡಲಿನ ನೂಲನ್ನು ತಾನೇ ಹೊರಚೆಲ್ಲಿ ತಾನೇ ಒಳಸೆಳೆದುಕೊಳ್ಳುವ ಈ ಜೀವಿಯನ್ನು ಮುಂಡಕೋಪನಿಷತ್ತು ಜಗತ್ಕಾರಣಕ್ಕೇ ದೃಷ್ಟಾಂತವಾಗಿ ಎತ್ತಿಕೊಂಡಿದೆ. ವೈದ್ಯನಿಗೆ ಅದು ಲೂತೆ. ಸುಶ್ರುತಸಂಹಿತೆಯ ಕಲ್ಪಸ್ಥಾನದಲ್ಲಿ ಹದಿನಾರು ಬಗೆಯ ಲೂತೆಗಳನ್ನು ಹೆಸರಿಸಿ, ಎಂಟರ ವಿಷವು ಕಷ್ಟಸಾಧ್ಯವೆಂದೂ ಎಂಟರದು ಅಸಾಧ್ಯವೆಂದೂ ವಿಂಗಡಿಸಿದೆ. ವಿಶ್ವಾಮಿತ್ರನ ಮೇಲೆ ಮುನಿದ ವಸಿಷ್ಠರ ಬೆವರಹನಿಗಳು ಕೊಯ್ದ ಹುಲ್ಲಿನ ಮೇಲೆ ಬಿದ್ದು ಲೂತೆಗಳಾದವೆಂಬ ಕಥೆಯೂ ಅಲ್ಲಿಯೇ ಉಂಟು. ಕಾಳಹಸ್ತಿಯ ಯಾತ್ರಿಕರಿಗೆ ಅದು ‘ಶ್ರೀ’. ಆ ಕ್ಷೇತ್ರದ ಹೆಸರಿನಲ್ಲಿ ಹಾವಿಗೂ ಆನೆಗೂ ಮೊದಲು ನಿಂತು, ಈಶ್ವರನನ್ನು ಅರ್ಚಿಸಿ ಸದ್ಗತಿ ಪಡೆದ ಪುಣ್ಯಜೀವಿ. ಇನ್ನು ಮನೆಯ ಹೆಂಗಸರಿಗೋ, ಹಬ್ಬದ ಹಿಂದಿನ ದಿನ ಉದ್ದನೆಯ ಕೋಲಿನ ತುದಿಗೆ ಪೊರಕೆ ಕಟ್ಟಿ ತೆಗೆಯಬೇಕಾದ ಕಸ. ವಂದಿಸುವುದನ್ನೂ ಹೆದರುವುದನ್ನೂ ಗುಡಿಸುವುದನ್ನೂ ನಮ್ಮವರು ಬಲ್ಲರು. ಆದರೆ ಅದನ್ನು ಮನೆಯೊಳಕ್ಕೆ ಬರಮಾಡಿಕೊಂಡು, ಬಿಡಾರ ಮಾಡಿಕೊಟ್ಟು, ‘ಅಯ್ಯೋ, ಇದು ಏಕೆ ಉಣ್ಣಲೊಲ್ಲದು?’ ಎಂದು ನಿದ್ದೆಗೆಟ್ಟವರು ನಮ್ಮಲ್ಲಿ ಅಪೂರ್ವ. ಹಾಗೆ ನಿದ್ದೆಗೆಟ್ಟ ಒಂದು ಕನ್ನಡ ಮನೆಯ ವೃತ್ತಾಂತವಿದು.

ಮೊದಲು ಪ್ರಾಣಿಯ ಪರಿಚಯವಾಗಲಿ. ಇಂಗ್ಲಿಷಿನವರು ಇದನ್ನು ‘ಟಾರಂಟುಲಾ’ ಎನ್ನುವರು. ಆ ಹೆಸರು ಇದಕ್ಕೆ ಸಲ್ಲುವುದೇ ಅಲ್ಲ. ಇಟಲಿ ದೇಶದ ದಕ್ಷಿಣದಲ್ಲಿ ಟಾರಾಂಟೋ ಎಂಬ ಊರುಂಟು; ಅಲ್ಲಿನ ಹೊಲಗಳಲ್ಲಿ ಓಡಾಡುವ ಬೇರೊಂದು ಜೇಡಕ್ಕೆ ಊರಿನಿಂದ ಆ ಹೆಸರು ಬಂದಿತ್ತು. ಅದು ಕಚ್ಚಿದವರು ಕುಣಿಕುಣಿದು ಬೆವರಿದರೆ ವಿಷವಿಳಿಯುವುದೆಂದು ಜನ ನಂಬಿದ್ದರು. ಆ ಕುಣಿತದ ಹೆಸರು ಇಂದಿಗೂ ಸಂಗೀತದಲ್ಲಿ ಉಳಿದಿದೆ. ಯೂರೋಪಿನವರು ಅಮೆರಿಕಾ ಖಂಡಕ್ಕೆ ಹೋಗಿ, ಅಲ್ಲಿ ಮೈತುಂಬ ರೋಮವುಳ್ಳ ಅಂಗೈಯಗಲದ ಜೇಡಗಳನ್ನು ಕಂಡಾಗ, ತಮಗೆ ಗೊತ್ತಿದ್ದ ಭಯದ ಹೆಸರನ್ನೇ ಅವಕ್ಕೂ ಅಂಟಿಸಿದರು. ಹೆಜ್ಜೇನು ಹೆಬ್ಬಾವುಗಳ ಜಾಡಿನಲ್ಲಿ ಇದನ್ನು ಹೆಜ್ಜೇಡವೆಂದರೆ ಕನ್ನಡದ ಕಿವಿಗೆ ಒಗ್ಗೀತು.

ನಮ್ಮ ಸಹ್ಯಾದ್ರಿಯಲ್ಲಿಯೂ ಹೆಜ್ಜೇಡಗಳುಂಟು. ಮರದ ಪೊಟರೆಯಲ್ಲಿ ವಾಸಿಸುವ ಒಂದು ಜಾತಿಗೆ 1895ರಲ್ಲಿ ಪೋಕಾಕ್ ಎಂಬ ಆಂಗ್ಲ ಪಂಡಿತನು ಶಾಸ್ತ್ರೀಯವಾದ ಹೆಸರಿಟ್ಟನು. ಸಾಕುವವರ ಬಾಯಲ್ಲಿ ಅದಕ್ಕೆ ಮೈಸೂರಿನ ಹೆಸರು ಸೇರಿಕೊಂಡಿದೆ. ಇವುಗಳ ಮೈಬಣ್ಣಕ್ಕೆ ಮರುಳಾದ ಹೊರದೇಶದವರು ಹಣ ತೆತ್ತು ಕೊಳ್ಳಲು ತೊಡಗಿದ್ದರಿಂದ, ಆ ಕುಲವನ್ನೆಲ್ಲ 2019ರಲ್ಲಿ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಪಟ್ಟಿಗೆ ಸೇರಿಸಬೇಕಾಯಿತು. ಇವುಗಳ ಕಡಿತ ಸ್ನಾಯುಗಳನ್ನು ಹಿಂಡಿ ನೋಯಿಸತಕ್ಕದ್ದು. ಈ ಲೇಖನವನ್ನೋದಿ ಯಾರಾದರೂ ಹುಡುಗರು ಡಬ್ಬಿ ಹಿಡಿದು ಘಟ್ಟವೇರುವ ಯೋಚನೆ ಮಾಡಿದರೆ ತಂದೆತಾಯಿಗಳು ಅದನ್ನು ಅಲ್ಲಿಯೇ ತಡೆಯಬೇಕು. ಇಲ್ಲಿ ಹೇಳಹೊರಟಿರುವುದು ಕಾಡಿನಿಂದ ಹಿಡಿದು ತಂದ ಪ್ರಾಣಿಯನ್ನು ಕುರಿತಲ್ಲ. ಚಿಲಿ ದೇಶದ ಒಣ ಕುರುಚಲು ನೆಲದಲ್ಲಿ ಬಿಲ ತೋಡಿಕೊಂಡಿರುವ ಒಂದು ಸಾಧುಜಾತಿಯ ಹೆಜ್ಜೇಡ, ಇಂಗ್ಲೆಂಡಿನಲ್ಲಿಯೇ ಸಾಕಿದ ತಾಯಿಗೆ ಹುಟ್ಟಿ ಬೆಳೆದದ್ದು.

ಆ ಮನೆಯಿರುವುದು ಲೆಸ್ಟರ್ ನಗರದಲ್ಲಿ. ಜೇಡದ ಪ್ರಸ್ತಾಪದಲ್ಲಿ ಆ ಊರನ್ನು ಸುಮ್ಮನೆ ದಾಟಿಹೋಗಲಾಗದು. ಏಕೆಂದರೆ ಹೆನ್ರಿ ವಾಲ್ಟರ್ ಬೇಟ್ಸ್ ಹುಟ್ಟಿದ್ದು ಅಲ್ಲಿ, 1825ರಲ್ಲಿ. ಕಾಲುಚೀಲ ಹೆಣೆಯಿಸುವ ವ್ಯಾಪಾರದವರ ಮಗನಾದ ಈತ 1848ರಲ್ಲಿ ಗೆಳೆಯ ವಾಲೇಸನೊಡನೆ ಅಮೆಜಾನ್ ನದಿಗೆ ಹೊರಟು, ಹನ್ನೊಂದು ವರ್ಷ ಕೀಟಗಳನ್ನು ಸಂಗ್ರಹಿಸಿ, 1863ರಲ್ಲಿ ತನ್ನ ಪ್ರವಾಸದ ಗ್ರಂಥವನ್ನು ಪ್ರಕಟಿಸಿದನು. ಹೆಜ್ಜೇಡವು ಹಕ್ಕಿಯನ್ನು ಹಿಡಿಯುವುದೆಂಬ ಮಾತನ್ನು ಅದುವರೆಗೆ ಹಲವರು ಕಟ್ಟುಕಥೆಯೆಂದು ತಳ್ಳಿಹಾಕಿದ್ದರು. ಬೇಟ್ಸನು ಕಮೆಟಾ ಎಂಬಲ್ಲಿ ಅದನ್ನು ಕಣ್ಣಾರೆ ಕಂಡು ಬರೆದನು. ಅದಕ್ಕಿಂತ ಸ್ವಾರಸ್ಯವಾದುದು ಆತ ಹೇಳುವ ಇನ್ನೊಂದು ಸಂಗತಿ. ಅಲ್ಲಿನ ಮೂಲನಿವಾಸಿಗಳ ಮಕ್ಕಳು ಒಂದು ಹೆಜ್ಜೇಡದ ಸೊಂಟಕ್ಕೆ ದಾರ ಕಟ್ಟಿ, ನಾಯಿಯನ್ನು ನಡೆಸುವಂತೆ ಮನೆಯೊಳಗೆಲ್ಲ ನಡೆಸಿಕೊಂಡು ತಿರುಗುತ್ತಿದ್ದರಂತೆ! ಆ ಜೇಡ ಆ ಮಕ್ಕಳ ಕೈಯಿಂದ ಏನಾದರೂ ತಿಂದಿತೇ ಎಂಬುದನ್ನು ಬೇಟ್ಸನು ಬರೆದಿಲ್ಲ. ತಿಂದಿರಲಾರದು.

ಹಾಸನದ ಕಡೆಯಿಂದ ಹೋಗಿ ಲೆಸ್ಟರಿನಲ್ಲಿ ನೆಲಸಿದ ದಂಪತಿಗಳಿಗೆ ಹನ್ನೊಂದು ವರ್ಷದ ಒಬ್ಬನೇ ಮಗ. ಹುಡುಗನು ನಾಯಿ ಬೇಕೆಂದು ಎರಡು ವರ್ಷ ಹಟ ಹಿಡಿದಿದ್ದನು. ಇಬ್ಬರೂ ಕೆಲಸಕ್ಕೆ ಹೋಗುವ ಮನೆಯಲ್ಲಿ ನಾಯಿಯನ್ನು ನೋಡಿಕೊಳ್ಳುವವರಾರು? ಕೊನೆಗೆ ಅವನು ಜೇಡದ ಮಾತೆತ್ತಿದಾಗ ತಂದೆ ಲೆಕ್ಕ ಹಾಕಿದನು: ಬೊಗಳುವುದಿಲ್ಲ, ತಿರುಗಾಡಿಸಬೇಕಾಗಿಲ್ಲ, ವಾರಕ್ಕೊಂದು ಹುಳು ತಿಂದರೆ ಮುಗಿಯಿತು. ಒಪ್ಪಿದನು. ತಾಯಿಯ ಒಪ್ಪಿಗೆಯನ್ನು ಕೇಳಿದಂತೆ ಕಾಣುವುದಿಲ್ಲ. 2024ನೆಯ ಇಸವಿಯ ಜುಲೈ 6ನೆಯ ದಿನ, ಶನಿವಾರ, ಹೆಜ್ಜೇಡವು ಒಂದು ಸಣ್ಣ ಡಬ್ಬಿಯಲ್ಲಿ ಮನೆಗೆ ಬಂದಿತು. ಕಂದುಬಣ್ಣದ ಮೈ, ಬೆನ್ನಿನ ಮೇಲೆ ಬೆಳಕು ಬಿದ್ದರೆ ತಿಳಿಗುಲಾಬಿಯ ಹೊಳಪು. ಕಾಲು ಚಾಚಿದರೆ ಹುಡುಗನ ಅಂಗೈ ತುಂಬುವಷ್ಟು ಅಗಲ.

ಅದೇ ಮೇ ತಿಂಗಳ ಕೊನೆಯಲ್ಲಿ ಹುಡುಗನ ಅಜ್ಜಿ, ತಂದೆಯ ತಾಯಿ, ಆರು ತಿಂಗಳ ಮಟ್ಟಿಗೆ ಆ ಮನೆಗೆ ಬಂದಿದ್ದರು. ಮಾಧ್ವ ಸಂಪ್ರದಾಯದ ಮುತ್ತಜ್ಜಿಯರ ಕಾಲದ ಮಡಿ. ಈರುಳ್ಳಿಯ ಸಿಪ್ಪೆಯನ್ನೂ ಅಡಿಗೆಮನೆಗೆ ಬಿಟ್ಟವರಲ್ಲ. ಡಬ್ಬಿಯ ಮುಚ್ಚಳ ತೆರೆದಾಗ ಅವರು ಎರಡು ಹೆಜ್ಜೆ ಹಿಂದೆ ಸರಿದು, ಸೆರಗನ್ನು ಬಾಯಿಗೆ ಹಿಡಿದು, ಬಹಳ ಹೊತ್ತು ನೋಡಿ, “ಕಾಳಹಸ್ತಿಯ ಶ್ರೀ ಇಷ್ಟು ದೊಡ್ಡದಿತ್ತೋ ಏನೋ!” ಎಂದರು. ಪ್ರಾಣಿಗೆ ಶ್ರೀ ಎಂಬ ಹೆಸರು ನಿಂತಿತು.

ಹುಡುಗನು ಮಾಡಿದ ಏರ್ಪಾಡನ್ನು ನೋಡಿದರೆ ಅವನ ಪ್ರೀತಿ ಎಷ್ಟಿತ್ತೆಂಬುದು ತಿಳಿಯುತ್ತದೆ, ಅದೇ ತೊಡಕಾಯಿತು. ಗಾಜಿನ ಪೆಟ್ಟಿಗೆಯೊಳಗೆ ಮಣ್ಣಿಗೆ ಬದಲಾಗಿ ತೆಂಗಿನ ನಾರಿನ ಹುಡಿಯನ್ನು ತುಂಬುವುದು ಅಲ್ಲಿಯ ರೂಢಿ. ಇಟ್ಟಿಗೆಯಂತೆ ಒತ್ತಿ ಒಣಗಿಸಿದ ಆ ಹುಡಿಯನ್ನು ನೀರಿನಲ್ಲಿಟ್ಟರೆ ಅರಳಿ ಬಕೆಟ್ಟು ತುಂಬುತ್ತದೆ. ಆ ವಾಸನೆ ಎದ್ದಾಗ ಅಜ್ಜಿ ಪೂಜೆ ಬಿಟ್ಟು ಎದ್ದು ಬಂದು, ಒಂದು ಹಿಡಿ ಎತ್ತಿ ಮೂಸಿ, “ಇದು ನಮ್ಮ ಕಡೆಯದಲ್ಲವೇ!” ಎಂದರಂತೆ. ಹುಡುಗನು ಆ ಹಸಿಹುಡಿಯನ್ನು ಹಿಂಡದೆಯೇ ಹಾಸಿ, ಮೇಲೆ ದಿನಕ್ಕೆರಡು ಸಲ ನೀರು ಚಿಮುಕಿಸಿದನು; ಜೇಡವೆಂದರೆ ಮಳೆಕಾಡಿನದೆಂದು ಅವನ ಭಾವನೆ. ಚಳಿಯಾದೀತೆಂದು ಮೇಲೊಂದು ದೀಪವನ್ನುರಿಸಿದನು. ಪೆಟ್ಟಿಗೆಯನ್ನು ಎಲ್ಲರಿಗೂ ಕಾಣಲೆಂದು ಮೆಟ್ಟಿಲ ಪಕ್ಕದ ಮೇಜಿನ ಮೇಲಿಟ್ಟನು. ಬಂದ ಸಂಜೆಯೇ ಎರಡು ಹುಳುಗಳನ್ನು ಒಳಗೆ ಬಿಟ್ಟನು. ಅನಂತರ ಗಾಜಿಗೆ ಮೂಗೊತ್ತಿ ಕುಳಿತನು.

ಹೆಜ್ಜೇಡವು ನೆಲವನ್ನು ಮುಟ್ಟಲೇ ಇಲ್ಲ. ಎಂಟು ಕಾಲುಗಳ ತುದಿಯ ಮೇಲೆ ಮೈಯೆತ್ತಿ, ಕೆಸರಿನಲ್ಲಿ ಸೀರೆ ನೆನೆಯದಂತೆ ನಡೆಯುವ ಹೆಂಗಸಿನ ಹಾಗೆ ಒಂದು ಮೂಲೆಗೆ ಹೋಗಿ, ಗಾಜಿನ ಗೋಡೆಯನ್ನೇರಿ ಅಲ್ಲಿಯೇ ಕಚ್ಚಿಕೊಂಡಿತು. ಹುಳು ಕಾಲಿಗೆ ತಗುಲಿದರೆ ಕಾಲೆತ್ತಿಕೊಂಡಿತು. ಒಂದು ದಿನ, ಎರಡು ದಿನ, ಐದು ದಿನ. ಹುಡುಗನು ಶಾಲೆಯಿಂದ ಬಂದವನು ಮೊದಲು ಪೆಟ್ಟಿಗೆಯ ಹತ್ತಿರ ಓಡುವನು. ಹಾಲು ಕುಡಿಯುವುದಕ್ಕೂ ಒಲ್ಲೆನೆನ್ನುವನು. ಆರನೆಯ ದಿನ ರಾತ್ರಿ, ತಾನೇ ಅದನ್ನು ಕೊಲ್ಲುತ್ತಿರುವೆನೆಂದು ಅತ್ತನು.

ಗೋಡೆಯೇರುವುದು ಇಂತಹ ಪ್ರಾಣಿಗೆ ಆಟವಲ್ಲ, ಗಂಡಾಂತರ. ನೆಲದ ಹೆಜ್ಜೇಡದ ಹೊಟ್ಟೆಯ ಚರ್ಮ ಬಲು ತೆಳು. ಒಂದು ಗೇಣು ಎತ್ತರದಿಂದ ಗಟ್ಟಿಯಾದ ವಸ್ತುವಿನ ಮೇಲೆ ಬಿದ್ದರೂ ಒಡೆದುಹೋಗಬಹುದು. ಅದಕ್ಕಾಗಿಯೇ ತಿಳಿದವರು ಹುಡಿಯನ್ನು ದಪ್ಪವಾಗಿ ತುಂಬಿ, ನೆಲದಿಂದ ಮುಚ್ಚಳಕ್ಕೆ ಜೇಡದ ಕಾಲಗಲದ ಒಂದೂವರೆ ಪಾಲಿಗಿಂತ ಹೆಚ್ಚು ಎತ್ತರವುಳಿಯದಂತೆ ನೋಡಿಕೊಳ್ಳುವರು. ಇನ್ನು ಅದರ ಇಂದ್ರಿಯಗಳ ವಿಚಾರ. ಕಣ್ಣು ಎಂಟಿದ್ದರೂ ಬೆಳಕು ನೆರಳುಗಳನ್ನು ಬಿಟ್ಟು ಹೆಚ್ಚೇನೂ ಕಾಣದು. ಲೋಕವೆಲ್ಲವೂ ಅದಕ್ಕೆ ಕಾಲಿನ ರೋಮಗಳ ಮೂಲಕ, ನಡುಕವಾಗಿ, ತಿಳಿಯುತ್ತದೆ. ಮೆಟ್ಟಿಲ ಮೇಲೆ ಯಾರಾದರೂ ಇಳಿದರೆ ನಮಗೆ ಸಪ್ಪಳ, ಅದಕ್ಕೆ ಭೂಕಂಪ. ಗಾಜನ್ನು ಬೆರಳಿನಿಂದ ತಟ್ಟಿದರೆ ಕರೆದಂತಲ್ಲ, ಸಿಡಿಲು ಬಡಿದಂತೆ. ತಾನು ಯಾರಿಗೋ ಆಹಾರವಾಗುವೆನೋ ಎಂಬ ಸಂಶಯ ತೀರುವವರೆಗೆ ತನ್ನ ಆಹಾರದ ಯೋಚನೆ ಯಾವ ಪ್ರಾಣಿಗೂ ಹುಟ್ಟುವುದಿಲ್ಲ. ಸಂತೆಯಿಂದ ಹೊಡೆದುತಂದ ಎಮ್ಮೆ ಮೊದಲ ದಿನ ಹೊಸ ಕೊಟ್ಟಿಗೆಯಲ್ಲಿ ಮೇವನ್ನು ಮೂಸಿ ಬಿಟ್ಟುಬಿಡುವುದನ್ನು ನಮ್ಮ ರೈತರೆಲ್ಲರೂ ಬಲ್ಲರು. ಅದನ್ನು ಕಂಡು ಯಾರೂ ಹೌಹಾರುವುದಿಲ್ಲ. ಜೇಡದ ವಿಷಯದಲ್ಲಿ ಹೌಹಾರಲು ಕಾರಣವೇನೆಂದರೆ, ಅದಕ್ಕೆ ಮುಖಭಾವವಿಲ್ಲ. ಎಮ್ಮೆಯ ಕಣ್ಣಿನಲ್ಲಿ ಏನೋ ಓದಬಹುದು. ಇದರಲ್ಲಿ ಓದುವವನ ಭಯವೇ ಅವನಿಗೆ ಹಿಂದಿರುಗಿ ಕಾಣುತ್ತದೆ.

ಅಜ್ಜಿಗೆ ಇದೊಂದೂ ಗೊತ್ತಿರಲಿಲ್ಲ. ಆದರೆ ಬೇರೊಂದು ಗೊತ್ತಿತ್ತು. ಅವರು ಆ ಮನೆಗೆ ಬಂದ ಮೊದಲ ಮೂರು ವಾರ ಸರಿಯಾಗಿ ಊಟ ಮಾಡಿರಲಿಲ್ಲ. ರಾತ್ರಿ ಹತ್ತು ಗಂಟೆಯಾದರೂ ಮುಳುಗದ ಬೆಳಕು, ಸದಾ ಮುಚ್ಚಿದ ಕಿಟಕಿಗಳು, ಒಲೆಯಲ್ಲಿ ಕಾಣದ ಬೆಂಕಿ. ತುತ್ತು ಗಂಟಲಲ್ಲಿ ಇಳಿಯದು. ಸೊಸೆ ಒಳ್ಳೆಯವಳು. ಗಳಿಗೆಗೊಮ್ಮೆ ಬಂದು, “ಅತ್ತೆ, ಏನಾದರೂ ತೊಗೊಳ್ಳಿ, ಇದು ಬೇಡವಾದರೆ ಅದು ಮಾಡಿಕೊಡುತ್ತೇನೆ” ಎಂದು ಎದುರಿಗೇ ನಿಲ್ಲುವಳು. ಮಗನು ಕೆಲಸದ ನಡುವೆ ದೂರವಾಣಿಯಲ್ಲಿ ವಿಚಾರಿಸುವನು. ಅವರ ಕಳವಳವನ್ನು ನೋಡಲಾರದೆ ಅಜ್ಜಿ ಎರಡು ತುತ್ತು ನುಂಗಿ ಎದ್ದುಬಿಡುತ್ತಿದ್ದರು. ಯಾರೂ ಮನೆಯಲ್ಲಿಲ್ಲದ ಒಂದು ಮಧ್ಯಾಹ್ನ ತಾವೇ ಅನ್ನಕ್ಕಿಟ್ಟುಕೊಂಡು, ಮಜ್ಜಿಗೆ ಕಲಸಿ, ಉಪ್ಪಿನಕಾಯಿಯೊಡನೆ ಹೊಟ್ಟೆತುಂಬ ಉಂಡ ಸಂಗತಿಯನ್ನು ಅವರು ಯಾರಿಗೂ ಹೇಳಿರಲಿಲ್ಲ; ಅಳುತ್ತಿದ್ದ ಮೊಮ್ಮಗನಿಗೆ ಆ ರಾತ್ರಿ ಹೇಳಿದರು. ಹೇಳಿ, “ಪುಟ್ಟ, ನೀನು ಹೀಗೆ ಎದುರಿಗೆ ಕಣ್ಣು ಬಿಟ್ಟುಕೊಂಡು ಕೂತರೆ ಯಾರು ತಾನೆ ಉಣ್ಣುತ್ತಾರೆ? ದೃಷ್ಟಿ ತಾಗುವುದಿಲ್ಲವೇ? ಹೊಸ ಬಾಣಂತಿಯನ್ನು ಕತ್ತಲೆಕೋಣೆಯಲ್ಲಿ ಇಡುತ್ತೇವೆ, ಊರವರಿಗೆಲ್ಲ ತೋರಿಸುತ್ತೇವೆಯೇ?” ಎಂದರು.

ಮರುದಿನ ಹುಡುಗನೂ ತಂದೆಯೂ ಬಲ್ಲವರ ಬರಹಗಳನ್ನು ಹುಡುಕಿ ಓದಿದಾಗ ಅಲ್ಲಿದ್ದುದು ಹೆಚ್ಚುಕಡಮೆ ಅಜ್ಜಿಯ ಮಾತೇ. ಹಸಿಹುಡಿಯನ್ನು ತೆಗೆದು, ಬಿಸಿಲಿಗೆ ಹರಡಿ, ಕೈಗೆ ಅಂಟದಂತೆ ಒಣಗಿಸಿ ಮತ್ತೆ ತುಂಬಿದರು. ಚಿಲಿಯ ಈ ಜಾತಿಗೆ ತೇವವೆಂದರೆ ಆಗದು, ಕಾಲ ತುದಿಯಲ್ಲಿ ನಿಂತದ್ದು ಅದೇ ಕಾರಣದಿಂದ. ಒಂದು ಮೂಲೆಯಲ್ಲಿ ಅಗಲವಾದ ಬಟ್ಟಲಿನಲ್ಲಿ ನೀರಿಟ್ಟರು. ದೀಪವನ್ನು ತೆಗೆದರು, ಮನುಷ್ಯರಿಗೆ ಹಿತವಾದ ಕೋಣೆಯ ಬಿಸುಪೇ ಅದಕ್ಕೂ ಸಾಕು, ಮೇಲಿನಿಂದ ಉರಿಯುವ ದೀಪ ಒಡಲಿನ ನೀರನ್ನು ಹೀರುತ್ತದೆ. ಅರ್ಧ ಒಡೆದ ಹೂಕುಂಡವನ್ನು ಅಡ್ಡಲಾಗಿ ಹೂತು ಗವಿ ಮಾಡಿದರು. ಇನ್ನು ಪೆಟ್ಟಿಗೆಗೆ ಸ್ಥಳ. ಮನೆಯಲ್ಲೆಲ್ಲ ಸದ್ದಿಲ್ಲದ ಜಾಗ ಕೆಳಗಿನ ಕೋಣೆ, ಅಜ್ಜಿ ಮಲಗುವುದು. ಕೇಳಲು ಯಾರಿಗೂ ಬಾಯಿ ಬರಲಿಲ್ಲ. ಅವರೇ, “ದೇವರ ಗೂಡಿನ ಕಡೆಗೆ ಬೇಡ, ಆ ಕಡೆಯ ಮೂಲೆಯಲ್ಲಿರಲಿ” ಎಂದು ತಮ್ಮದೊಂದು ಹಳೆಯ ನೂಲಿನ ಸೀರೆಯಲ್ಲಿ ತುಂಡು ಹರಿದುಕೊಟ್ಟರು. ಗಾಳಿಯ ತೂತುಗಳನ್ನು ಬಿಟ್ಟು ಮೂರು ಕಡೆಗೂ ಅದನ್ನು ಇಳಿಬಿಟ್ಟಾಯಿತು. ಹತ್ತು ದಿನ ಯಾರೂ ಬಟ್ಟೆಯನ್ನು ಎತ್ತಬಾರದೆಂದು, ನೀರಿನ ಬಟ್ಟಲನ್ನು ಮಾತ್ರ ಹುಡುಗನು ದಿನಕ್ಕೊಮ್ಮೆ ನೋಡಬಹುದೆಂದು ಕರಾರಾಯಿತು.

ಮೂರನೆಯ ದಿನಕ್ಕೆ ಹೆಜ್ಜೇಡ ಗೋಡೆಯಿಳಿಯಿತು. ಐದನೆಯ ದಿನ ಕುಂಡದ ಬಾಯಲ್ಲಿ ಎರಡು ಕಾಲು ಕಾಣಿಸಿದವು. ಒಂದು ವಾರದಲ್ಲಿ ಗವಿಯೊಳಗಿನ ಹುಡಿಯನ್ನು ಬಾಯಿಂದ ಹೊತ್ತುತಂದು ಹೊರಗೆ ಗುಡ್ಡೆ ಹಾಕಿ, ನೆಲಕ್ಕೆಲ್ಲ ನೂಲು ಹಾಸಿತು. ನೂಲು ಹಾಸುವುದೆಂದರೆ ಒಕ್ಕಲಾಯಿತೆಂದು ತಿಳಿಯಬೇಕು. ಆದರೆ ಅನ್ನ ಮಾತ್ರ ಮುಟ್ಟಲಿಲ್ಲ.

ಅನ್ನದ ಪ್ರಶ್ನೆ ಆ ಮನೆಯಲ್ಲಿ ಅಷ್ಟು ಸುಲಭವಾದುದಾಗಿರಲಿಲ್ಲ. ಸಾಕಿದ ಹೆಜ್ಜೇಡಕ್ಕೆ ಕೊಡುವುದು ಚಿಮ್ಮಂಡೆಯನ್ನು. ಇರುಳಲ್ಲಿ ಗೋಡೆಯ ಸಂದಿನಿಂದ ಕಿರ್ರೆನ್ನುವ, ಸಂಸ್ಕೃತದಲ್ಲಿ ಝಿಲ್ಲಿಯೆನಿಸುವ ಹುಳು. ಅಂಗಡಿಯಲ್ಲಿ ಡಬ್ಬಿಗಟ್ಟಲೆ ಜೀವಂತವಾಗಿ ಮಾರುತ್ತಾರೆ. ಶಾಕಾಹಾರದ ಮನೆಗೆ, ಬೇರೊಂದರ ಹೊಟ್ಟೆಗಾಗಿ, ಜೀವಗಳನ್ನು ಕೊಂಡುತರುವುದು ಹೇಗೆ? ಹುಡುಗನ ತಾಯಿಗೆ ಅಸಹ್ಯವೇ ಮುಖ್ಯ. ಅಜ್ಜಿಗೆ ಪಾಪಪುಣ್ಯದ ಜಿಜ್ಞಾಸೆ. ಬಲಹೀನವಾದ ಜೇಡಕ್ಕೆ ಕೊಂದ ಹುಳುವನ್ನು ಕೊಡುವುದೂ ಉಂಟೆಂದು ಹುಡುಗನು ಹೇಳಿದಾಗ ಅವರು ಒಪ್ಪಲಿಲ್ಲ. “ಬೇಟೆ ಅದರ ಧರ್ಮ, ಅದು ಮಾಡಲಿ. ಕೊಂದುಕೊಡುವ ಕರ್ಮ ನಿನಗೇಕೆ?” ಈ ವಾದಕ್ಕೆ ಶಾಸ್ತ್ರದಲ್ಲಿ ಎಷ್ಟು ಬಲವುಂಟೋ, ಪಂಡಿತರು ಚರ್ಚಿಸಬಹುದು, ತಂದು ಬಿಡುವವನೂ ಪಾಲುಗಾರನೇ ಎಂದು ಪೂರ್ವಪಕ್ಷ ಮಾಡುವವರಿಗೆ ಉತ್ತರ ಹೇಳುವುದು ಕಷ್ಟ. ಅಜ್ಜಿ ಆ ಪೂರ್ವಪಕ್ಷವನ್ನು ಬಲ್ಲವರೇ. ಮಗನು ಅದನ್ನೆತ್ತಿದಾಗ, “ಬೆಕ್ಕಿಗೆ ಹಾಲು ಹಾಕುವ ಮನೆಯಲ್ಲಿ ಇಲಿಯ ಲೆಕ್ಕ ಇಟ್ಟವರುಂಟೇ?” ಎಂದು ಮಾತು ಮುಗಿಸಿದರು.

ಕೊನೆಗೆ ನಿಂತ ಕ್ರಮ ಹೀಗೆ: ವಾರಕ್ಕೊಮ್ಮೆ ಕತ್ತಲಾದ ಮೇಲೆ, ಜೇಡದ ಹೊಟ್ಟೆಗಿಂತ ದೊಡ್ಡದಲ್ಲದ ಒಂದೇ ಚಿಮ್ಮಂಡೆಯನ್ನು ಚಿಮಟದಿಂದ ಒಳಗೆ ಬಿಡುವುದು, ಮುಂಜಾನೆ ಹಾಗೆಯೇ ಇದ್ದರೆ ತೆಗೆದುಬಿಡುವುದು. ತಿನ್ನದ ಹುಳುವನ್ನು ಒಳಗೆ ಬಿಟ್ಟಿದ್ದರೆ ಅಪಾಯವುಂಟು. ಪೊರೆ ಕಳಚುವ ಹೊತ್ತಿನಲ್ಲಿ ಜೇಡ ಅಸಹಾಯವಾಗಿರುವಾಗ ಚಿಮ್ಮಂಡೆಯೇ ಅದನ್ನು ಕಡಿದು ತಿನ್ನುತ್ತದೆ. ಚಿಮ್ಮಂಡೆಗಳ ಡಬ್ಬಿ ಹೊರಗಿನ ಮೋಟಾರು ಷೆಡ್ಡಿಗೆ ಹೋಯಿತು. ಅವಕ್ಕೂ ಮೇವು ಬೇಕಷ್ಟೆ. ತರಕಾರಿಯ ಸಿಪ್ಪೆಗಳನ್ನು ಅಜ್ಜಿಯೇ ಹೆಚ್ಚಿ ಕಳುಹಿಸುವರು.

ಜುಲೈ 17ಕ್ಕೆ ಆಷಾಢದ ಏಕಾದಶಿ ಬಂದಿತು. ಅಜ್ಜಿ ಚಾತುರ್ಮಾಸ್ಯದ ವ್ರತ ಹಿಡಿದರು. ಮೊದಲ ತಿಂಗಳು ತರಕಾರಿಯಿಲ್ಲ, ಎರಡನೆಯದರಲ್ಲಿ ಮೊಸರಿಲ್ಲ, ಮೂರನೆಯದರಲ್ಲಿ ಹಾಲಿಲ್ಲ, ನಾಲ್ಕನೆಯದರಲ್ಲಿ ಬೇಳೆಯಿಲ್ಲ. ತಾವು ಮುಟ್ಟದ ತರಕಾರಿಯ ಸಿಪ್ಪೆಯನ್ನು ಚಿಮ್ಮಂಡೆಗಳು ತಿಂದವು. ಆ ಚಿಮ್ಮಂಡೆಗಳನ್ನು ಶ್ರೀ ಮುಟ್ಟಲಿಲ್ಲ. “ಅಜ್ಜಿ, ಇದೂ ವ್ರತ ಹಿಡಿದಿದೆಯೇ?” ಎಂದು ಹುಡುಗ ಕೇಳಿದನು. “ಹಿಡಿದಿದ್ದರೆ ನನಗಿಂತ ಕಠಿಣವಾದದ್ದು” ಎಂದರು.

ಉಪವಾಸದ ಸಾಮರ್ಥ್ಯದಲ್ಲಿ ಈ ಜಾತಿಯ ಹೆಣ್ಣುಜೇಡಕ್ಕೆ ಸಮನಾದವು ಕಡಮೆ. ತಿಂಗಳುಗಟ್ಟಲೆ ತಿನ್ನದೆ ಇದ್ದು, ಒಂದು ದಿನ ಏನೂ ಆಗದಂತೆ ಊಟಕ್ಕೆ ತೊಡಗುವುದು ಸಾಕುವವರಿಗೆಲ್ಲ ತಿಳಿದ ಸಂಗತಿ. ಆಯುಸ್ಸೂ ಅಂತೆಯೇ ದೀರ್ಘ. ಇಪ್ಪತ್ತು ವರ್ಷ ಬಾಳುವ ಹೆಣ್ಣುಗಳುಂಟು, ಗಂಡುಗಳು ಕೆಲವೇ ವರ್ಷಗಳಲ್ಲಿ ಮುಗಿಯುವುವು. ಇದರ ದೂರದ ದಾಯಾದಿಯಾದ ಒಂದು ಬಾಗಿಲುಜೇಡವನ್ನು ಪಶ್ಚಿಮ ಆಸ್ಟ್ರೇಲಿಯಾದಲ್ಲಿ 1974ರಿಂದ ಗುರುತಿಟ್ಟು ನೋಡುತ್ತಿದ್ದರು. 2016ರಲ್ಲಿ ಅದು ತೀರಿಕೊಂಡಾಗ 43 ವರ್ಷವಾಗಿತ್ತು, ಅದೂ ಕಣಜದ ಕೈಯಲ್ಲಿ ಸಿಕ್ಕಿದ್ದರಿಂದ. ಅಷ್ಟು ದೀರ್ಘಾಯುಸ್ಸಿನ ಪ್ರಾಣಿಗೆ ನಾಲ್ಕು ತಿಂಗಳೆಂದರೆ ಎಷ್ಟು? ಹನ್ನೊಂದು ವರ್ಷದ ಬಾಲಕನಿಗೆ ಅದು ಒಂದು ಯುಗ.

ಹಾಗಾದರೆ ಉಪವಾಸಕ್ಕೂ ಸಾವಿಗೂ ಭೇದ ತಿಳಿಯುವುದು ಹೇಗೆ? ಹೊಟ್ಟೆಯನ್ನೂ ಕಾಲನ್ನೂ ನೋಡಿ. ಹೊಟ್ಟೆ ಉರುಟಾಗಿದ್ದರೆ ಚಿಂತೆಯಿಲ್ಲ. ಸುಕ್ಕಿ ಒಣದ್ರಾಕ್ಷಿಯಂತಾದರೆ ನೀರಿಲ್ಲವೆಂದರ್ಥ. ಜೇಡಕ್ಕೆ ಕಾಲನ್ನು ಮಡಿಸಲು ಸ್ನಾಯುಗಳುಂಟು. ಮುಖ್ಯವಾದ ಕೀಲುಗಳಲ್ಲಿ ಚಾಚುವುದು ಮಾತ್ರ ಒಳಗಿನ ದ್ರವದ ಒತ್ತಡದಿಂದ. ಆದಕಾರಣ ಒಡಲ ನೀರು ಬತ್ತಿದರೆ ಎಂಟು ಕಾಲುಗಳೂ ಮುಷ್ಟಿ ಹಿಡಿದಂತೆ ಕೆಳಗೆ ಮುದುಡಿಕೊಳ್ಳುತ್ತವೆ. ಅದು ಕೆಟ್ಟ ಲಕ್ಷಣ. ಅನ್ನ ತಪ್ಪಿದರೂ ನೀರಿನ ಬಟ್ಟಲು ತಪ್ಪಬಾರದೆಂಬುದು ಇದರಿಂದ. ಹುಡುಗನು ಆಗಸ್ಟಿನಲ್ಲಿ ಒಮ್ಮೆ ಆತುರಪಟ್ಟು ಕುಂಡವನ್ನೆತ್ತಿ ನೋಡಲು ಹೋದಾಗ, ಶ್ರೀ ಹಿಂಗಾಲುಗಳಿಂದ ಹೊಟ್ಟೆಯನ್ನು ಸರಸರನೆ ಉಜ್ಜಿ ರೋಮ ತೂರಿತು. ನಸುಗುನ್ನಿಯ ಸುಂಕು ಬಿದ್ದಂತೆ ಕೈಯೆಲ್ಲ ಎರಡು ದಿನ ತುರಿಕೆ. ಆಮೇಲೆ ಕುಂಡದ ತಂಟೆಗೆ ಹೋಗಲಿಲ್ಲ.

ಸೆಪ್ಟೆಂಬರಿನ ಕೊನೆಯಲ್ಲಿ, ರೋಮ ಉದುರಿ ಬೋಳಾಗಿದ್ದ ಆ ಹೊಟ್ಟೆಯ ಭಾಗ ಕಪ್ಪಗಾಯಿತು. ಗವಿಯ ಬಾಯಿಗೆ ದಟ್ಟವಾದ ನೂಲಿನ ತೆರೆ ಬಿದ್ದಿತು. ಪೊರೆ ಕಳಚುವ ಮುನ್ಸೂಚನೆಯಿದು. ಕಾರಣ ತಿಳಿದ ಮೇಲೆ ಹುಡುಗನಿಗೆ ಎಷ್ಟೋ ಸಮಾಧಾನ. ಹುಳು ಕೊಡುವುದನ್ನು ನಿಲ್ಲಿಸಿದನು. ಏನೇನಾಗುವುದೆಂದು ಅಜ್ಜಿಗೆ ದಿನಕ್ಕೊಂದು ಸಲ ವಿವರಿಸಿದನು. ಅವನ ಅರ್ಧ ಕನ್ನಡದಲ್ಲಿ ಅವರಿಗೆ ಅರ್ಥವಾದುದು, ಹಾವಿನಂತೆ ಇದೂ ಪೊರೆ ಬಿಡುವುದೆಂಬುದಷ್ಟೆ.

ಅಕ್ಟೋಬರ್ 7, ಸೋಮವಾರ, ನವರಾತ್ರಿಯ ಐದನೆಯ ದಿನ. ಹುಡುಗ ಶಾಲೆಗೆ ಹೋಗಿದ್ದನು. ಅಜ್ಜಿ ಪೂಜೆ ಮುಗಿಸಿ ಅತ್ತ ನೋಡಿದರೆ ಶ್ರೀ ಗವಿಯಿಂದ ಹೊರಗೆ, ನೂಲಿನ ಹಾಸಿಗೆಯ ಮೇಲೆ, ಬೆನ್ನಡಿಯಾಗಿ ಬಿದ್ದಿತ್ತು. ಎಂಟು ಕಾಲುಗಳೂ ಮೇಲಕ್ಕೆ, ಅಲುಗಾಟವಿಲ್ಲ. ಅಂದು ಮನೆಯಲ್ಲಿಯೇ ಕೆಲಸ ಮಾಡುತ್ತಿದ್ದ ಸೊಸೆಯನ್ನು ಕರೆದರು. ಅವಳು ನೋಡಿ, ಮೂರು ತಿಂಗಳಿನ ಉಪವಾಸ ಕೊನೆಗೂ ಮುಗಿಯಿತೆಂದುಕೊಂಡಳು. ಹಬ್ಬದ ದಿನಗಳು, ದೇವರಿರುವ ಕೋಣೆ, ಸತ್ತದ್ದನ್ನು ಇಡುವುದೇ? ಹುಡುಗ ಬಂದು ನೋಡಿದರೆ ಅವನ ದುಃಖವೆಷ್ಟು! ಅವನು ಬರುವ ಮೊದಲೇ ತೆಗೆದುಹಾಕಿ, ಏನಾದರೂ ಹೇಳಿ ಸಮಾಧಾನಪಡಿಸಿದರಾಯಿತೆಂದು ಕಾಗದದ ಚೀಲವನ್ನು ತಂದಳು. ಅವಳ ಉದ್ದೇಶದಲ್ಲಿ ಕರುಣೆಯ ಹೊರತು ಬೇರೇನೂ ಇರಲಿಲ್ಲ. ಈ ಬಗೆಯ ಕರುಣೆಗೆ ತುತ್ತಾಗಿ ಎಷ್ಟು ಹೆಜ್ಜೇಡಗಳು ಜೀವಸಹಿತ ಕಸದ ಬುಟ್ಟಿಗೆ ಹೋಗಿರುವುವೋ ದೇವರೇ ಬಲ್ಲ; ಏಕೆಂದರೆ ಹೆಜ್ಜೇಡ ಪೊರೆ ಕಳಚುವುದೇ ಬೆನ್ನಡಿಯಾಗಿ ಮಲಗಿ. ಸಾಯುವ ಜೇಡ ನೆಟ್ಟಗೆ ಕುಳಿತಂತೆಯೇ ಮುದುಡುತ್ತದೆ.

ಅಜ್ಜಿಗೆ ಈ ಲಕ್ಷಣಭೇದ ತಿಳಿದಿರಲಿಲ್ಲ. ಅದು ಸತ್ತಿದೆಯೆಂದೇ ಅವರೂ ಎಣಿಸಿದ್ದರು. ಆದರೂ ಪೆಟ್ಟಿಗೆಗೆ ಅಡ್ಡ ನಿಂತು, “ಮುಟ್ಟಬೇಡ. ಸತ್ತಿದ್ದರೆ ಓಡಿಹೋಗುವುದಿಲ್ಲ. ಹುಡುಗನದು, ಹುಡುಗ ಬರಲಿ” ಎಂದರು. ಸೊಸೆ ಮೈಲಿಗೆಯ ಮಾತೆತ್ತಿದಳು. “ಅದರ ಚಿಂತೆ ನನಗಿರಲಿ, ಸಂಜೆ ಇನ್ನೊಂದು ಸ್ನಾನ ಮಾಡಿದರಾಯಿತು” ಎಂದು ಸೀರೆಯ ತುಂಡನ್ನು ಇಳಿಬಿಟ್ಟು, ಪಕ್ಕದಲ್ಲಿಯೇ ಕುರ್ಚಿ ಹಾಕಿಕೊಂಡು ಕುಳಿತರು. ಆ ಮಧ್ಯಾಹ್ನ ಅವರು ಊಟಕ್ಕೂ ಏಳಲಿಲ್ಲ.

ಹುಡುಗನು ಬಂದು ಬಟ್ಟೆಯನ್ನೆತ್ತಿದಾಗ ಒಳಗೆ ಎರಡು ಜೇಡಗಳಿದ್ದವು. ಒಂದು ಹಳೆಯ ಅಂಗಿಯಂತೆ ಬರಿದಾಗಿ, ಬೆನ್ನಿನ ಚಿಪ್ಪು ಮುಚ್ಚಳದಂತೆ ತೆರೆದು ಬಿದ್ದಿತ್ತು. ಇನ್ನೊಂದು ಅದರ ಪಕ್ಕದಲ್ಲಿ ಮೆತ್ತಗೆ, ತೇವವಾಗಿ, ಮೊದಲಿಗಿಂತ ದೊಡ್ಡದಾಗಿ, ಗುಲಾಬಿಯ ಬಣ್ಣದಿಂದ ಹೊಳೆಯುತ್ತ ಕಾಲುಗಳನ್ನು ಒಂದೊಂದಾಗಿ ಚಾಚಿಕೊಳ್ಳುತ್ತಿತ್ತು. ವಿಷದಾಡೆಗಳು ಹಾಲುಹಲ್ಲಿನಂತೆ ಬೆಳ್ಳಗಿದ್ದವು. ಹುಡುಗ ಕುಣಿಯಲಿಲ್ಲ, ಕೂಗಲಿಲ್ಲ. ಮೆಟ್ಟಿಲ ಮೇಲೆ ಸಪ್ಪಳವಾಗದಂತೆ ನಡೆಯಿರೆಂದು ತಾಯಿಗೆ ಹೇಳಿಬಂದನು.

ಬಿಳಿಯ ದಾಡೆ ಕೆಂಪಾಗಿ, ಕೆಂಪು ಕಪ್ಪಾಗಿ ಗಟ್ಟಿಗೊಳ್ಳುವವರೆಗೆ ಅನ್ನ ತೋರಿಸಬಾರದು. ಮೆತ್ತನೆಯ ದಾಡೆಯಿಂದ ಕಚ್ಚಿದರೆ ಅದೇ ಮುರಿಯುತ್ತದೆ. ಎರಡು ವಾರ ಕಾದರು. ಅಕ್ಟೋಬರ್ 21ರಂದು ಬಿಟ್ಟ ಚಿಮ್ಮಂಡೆ ಬೆಳಗಾದರೂ ಬದುಕಿತ್ತು. ಮುಂದಿನ ವಾರದ್ದೂ ಹಾಗೆಯೇ. ಅಷ್ಟರಲ್ಲಿ ದೀಪಾವಳಿ. ಲೆಸ್ಟರಿನ ದೀಪಾವಳಿ ಹೆಸರಾದುದು. ಬೆಲ್‌ಗ್ರೇವ್ ರಸ್ತೆಯ ಕಡೆಯಿಂದ ಬಾಣಬಿರುಸುಗಳ ಸದ್ದು ಕೇಳಿದಾಗಲೆಲ್ಲ ಹುಡುಗನಿಗೆ ಪೆಟ್ಟಿಗೆಯದೇ ಯೋಚನೆ. ಅಜ್ಜಿಯ ಪೆಟ್ಟಿಗೆಯೂ ಕಟ್ಟಲಾರಂಭವಾಗಿತ್ತು. ತಿಂಗಳ ಕೊನೆಗೆ ಅವರು ಊರಿಗೆ ಹೊರಡತಕ್ಕವರು. “ನೀನು ಹೋಗುವುದರೊಳಗೆ ತಿನ್ನುತ್ತದೆಯೇ?” ಎಂದು ಅವನು ಕೇಳಿದರೆ ಅವರು ಉತ್ತರ ಕೊಡದೆ ತಲೆ ಸವರಿದರು.

ನವೆಂಬರ್ 3, ಭಾನುವಾರ, ರಾತ್ರಿ. ಹುಡುಗನು ಚಿಮ್ಮಂಡೆಯನ್ನು ಬಿಟ್ಟು, ಬಟ್ಟೆಯಿಳಿಸಿ, ಮರುದಿನ ಶಾಲೆಯಿದ್ದುದರಿಂದ ಮಲಗಲು ಹೋದನು. ನಾಲ್ಕು ತಿಂಗಳು ಗಾಜಿಗೆ ಕಣ್ಣಿಟ್ಟಿದ್ದವನಿಗೆ ಆ ಬೇಟೆ ಕಾಣಲಿಲ್ಲ. ದೀಪವಾರಿಸಿ ಜಪದಲ್ಲಿದ್ದ ಅಜ್ಜಿಗೆ ಕತ್ತಲೆಯಲ್ಲಿ ಒಣಹುಡಿಯ ಮೇಲೆ ಏನೋ ಸರ್ರನೆ ಹಾಯ್ದ ಸದ್ದು ಕೇಳಿಸಿತು, ಆಮೇಲೆ ಸದ್ದಿಲ್ಲ. ಅವರು ದೀಪ ಹಾಕಲಿಲ್ಲ.

ಬೆಳಗ್ಗೆ ಹುಡುಗನು ನೋಡಿದಾಗ ಚಿಮ್ಮಂಡೆಯಿರಲಿಲ್ಲ. ನೀರಿನ ಬಟ್ಟಲಿನ ಪಕ್ಕದಲ್ಲಿ ಕಡಲೆಕಾಳಿನಷ್ಟು ಗಾತ್ರದ ಕಪ್ಪು ಉಂಡೆಯೊಂದು ನೂಲಿನಲ್ಲಿ ಸುತ್ತಿಕೊಂಡು ಬಿದ್ದಿತ್ತು. ಜೇಡವು ಬೇಟೆಯ ಮೇಲೆ ರಸವನ್ನು ಸುರಿದು, ಕರಗಿದ್ದನ್ನು ಹೀರಿ, ಉಳಿದ ರೆಕ್ಕೆ ಚಿಪ್ಪುಗಳನ್ನು ಹೀಗೆ ಉಂಡೆಗಟ್ಟಿ ಬಿಡುತ್ತದೆ. ಜುಲೈ 6ರಿಂದ ಎಣಿಸಿದರೆ ಅದು 120ನೆಯ ದಿನದ ಊಟ. ಅಜ್ಜಿಯ ವ್ರತ ಮುಗಿಯಲು ಇನ್ನೂ ಒಂಬತ್ತು ದಿನಗಳಿದ್ದವು. ಅವನು ಉಂಡೆಯನ್ನು ಚಿಮಟದಲ್ಲಿ ಹಿಡಿದು ಅಡಿಗೆಮನೆಯ ಬಾಗಿಲಿಗೆ ಓಡಿದನು.

“ಒಳಗೆ ತರಬೇಡ, ಅಲ್ಲಿಂದಲೇ ತೋರಿಸು” ಎಂದ ಅಜ್ಜಿ ಹೊಸಿಲಿನಾಚೆಯಿಂದಲೇ ಕತ್ತು ಚಾಚಿ ನೋಡಿ, ಅದನ್ನು ಹಿತ್ತಿಲ ಗಿಡದ ಬುಡಕ್ಕೆ ಹಾಕಿ ಕೈತೊಳೆದುಕೊಂಡು ಬರಹೇಳಿದರು. ಅವನು ತಿರುಗಿ ಬಂದಾಗ ಹಾಲು ಬಿಸಿಯಾಗಿತ್ತು.